ಕುಂಭಲಗಢದ ಕಾಡಿಗೆ ಮೇ ತಿಂಗಳಲ್ಲೇ ಹೋಗಬೇಕು

ತೋಳ ನೋಡಿದೆ. ಒಂದಲ್ಲ, ಮೂರು. ಅಟ್ಟಣೆಯಿಂದ ಸುಮಾರು 30 ಮಾರು ದೂರದಲ್ಲಿ, ಬೆಳಗಿನ 5 ಗಂಟೆ 20 ನಿಮಿಷಕ್ಕೆ, ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದವು. ಕೊನೆಗೆ ಹೇಳಬೇಕಾದ ಮಾತನ್ನು ಮೊದಲೇ ಹೇಳುತ್ತಿದ್ದೇನೆ. ಏಕೆಂದರೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡಿಗರ ಚಾರಣದ ಗುಂಪಿನಲ್ಲಿ ‘ಈ ಸಲ ಮೇ ತಿಂಗಳಲ್ಲಿ ರಾಜಸ್ಥಾನದ ಕುಂಭಲಗಢದ ಅಭಯಾರಣ್ಯಕ್ಕೆ ಹೋಗುತ್ತೇನೆ’ ಎಂದು ನಾನು ಹೇಳಿದಾಗ ಹನ್ನೆರಡು ಜನರಲ್ಲಿ ಹನ್ನೊಂದು ಜನ ಬೇಡವೆಂದರು. ಒಬ್ಬರಂತೂ ಮೊಬೈಲ್ ತೆಗೆದು, 2016ರ ಮೇ ತಿಂಗಳಲ್ಲಿ ಅದೇ ರಾಜ್ಯದ ಫಲೋಡಿಯಲ್ಲಿ 51 ಡಿಗ್ರಿ ಬಿಸಿಲು ದಾಖಲಾದ ಸುದ್ದಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಮರುಭೂಮಿಯ ಅಂಚಿಗೆ ಡಿಸೆಂಬರ್‌ನಲ್ಲಿ ಹೋಗುವುದು ಬಿಟ್ಟು ಬಿಸಿಲಿನ ಬಾಯಿಗೆ ಯಾರಾದರೂ ಹೋಗುತ್ತಾರೆಯೇ ಎಂಬುದು ಅವರ ಪ್ರಶ್ನೆ. ಡಿಸೆಂಬರ್‌ನಲ್ಲಿ ನಾನು ಹೋಗಿದ್ದೆ. ಆಗಸ್ಟ್‌ನಲ್ಲೂ ಹೋಗಿದ್ದೆ, ಮಾರ್ಚ್‌ನಲ್ಲೂ ಹೋಗಿದ್ದೆ. ಮೂರು ಸಲ ಹಣ ಕೊಟ್ಟು ಕಲಿತ ಮೇಲೆಯೇ ಮೇ ತಿಂಗಳು ಎಂದದ್ದು.

ಕುಂಭಲಗಢವೆಂದರೆ ಎಲ್ಲರಿಗೂ ಮೊದಲು ಕಣ್ಣಿಗೆ ಬರುವುದು ರಾಣಾ ಕುಂಭ 15ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ, ಅದರ 36 ಕಿಲೋಮೀಟರ್ ಉದ್ದದ ಗೋಡೆ, 1540ರಲ್ಲಿ ಮಹಾರಾಣಾ ಪ್ರತಾಪ ಹುಟ್ಟಿದ ಕೋಣೆ. ನನಗೆ ಬೇಕಾದದ್ದು ಕೋಟೆಯ ಕೆಳಗಿರುವ ಕಾಡು. ರಾಜಸಮಂದ, ಉದಯಪುರ, ಪಾಲಿ ಈ ಮೂರು ಜಿಲ್ಲೆಗಳಲ್ಲಿ 600 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿಕೊಂಡಿದೆ. ಅರಾವಳಿಯ ಬೆನ್ನೆಲುಬೇ ಅದು. ಪೂರ್ವಕ್ಕೆ ಮೇವಾಡ, ಪಶ್ಚಿಮಕ್ಕೆ ಮಾರವಾಡ, ಅದರಾಚೆ ಥಾರ್. ಕೋಟೆಯ ತುದಿಯ ಬಾದಲ್ ಮಹಲಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಬೆಟ್ಟದ ಮಡಿಕೆಗಳು ಒಂದೊಂದಾಗಿ ತಗ್ಗುತ್ತ ಹೋಗಿ ಬೂದು ಬಣ್ಣದ ಬಯಲಿನಲ್ಲಿ ಮುಗಿಯುತ್ತವೆ. ಭೀಮಾಶಂಕರದ ನಾಗಫಣಿಯ ಮೇಲೆ ನಿಂತು ಕೊಂಕಣ ನೋಡಿದವರಿಗೆ ಆ ಎತ್ತರದ ಅನುಭವ ಗೊತ್ತಿರುತ್ತದೆ. ಆದರೆ ಇಲ್ಲಿ ಕೆಳಗೆ ಹಸಿರು ಇಲ್ಲ, ಮಳೆಯ ಮೋಡವೂ ಇಲ್ಲ.

ಮೊದಲ ಸಲ ಹೋದದ್ದು ಏಳೆಂಟು ವರ್ಷದ ಹಿಂದೆ, ಡಿಸೆಂಬರ್ ಕೊನೆಯ ವಾರ. ಮನೆಯವರು, ಮಗಳು, ನಾನು. ಉದಯಪುರದಿಂದ ಬಾಡಿಗೆ ಕಾರು, ಕೋಟೆಯ ಹತ್ತಿರ ಹೋಟೆಲು, ಎರಡು ಸಫಾರಿ. ಒಟ್ಟು ಖರ್ಚು 22 ಸಾವಿರದ ಆಸುಪಾಸು ಬಂತು. ಮೂರು ಗಂಟೆಯ ಸಫಾರಿ ಎಂದು ಮಾತಾಡಿ ಹಣ ಪಡೆದ ಜೀಪಿನವನು ಒಂದೂಕಾಲು ಗಂಟೆಗೆ ವಾಪಸು ತಂದು ಬಿಟ್ಟ. ನೋಡಿದ್ದು ನವಿಲು, ಮುಸುವ, ದೂರದ ಇಳಿಜಾರಿನಲ್ಲಿ ಎರಡು ನೀಲಗಾಯ್. ಆ ಕಾಡಿನಲ್ಲಿ ತೋಳವಿದೆ, ಚಿರತೆಯಿದೆ, ಕರಡಿಯಿದೆ, ಕತ್ತೆಕಿರುಬವಿದೆ, ನಾಲ್ಕು ಕೊಂಬಿನ ಕೊಂಡುಕುರಿಯಿದೆ. ಎಲ್ಲವೂ ಇವೆ, ಆದರೆ ಡಿಸೆಂಬರ್‌ನಲ್ಲಿ ಅವು ಯಾವ ಮೂಲೆಯಲ್ಲಾದರೂ ಇರಬಹುದು. ಹಳ್ಳದ ಕೊನೆಯ ನೀರು ಇನ್ನೂ ಹತ್ತು ಕಡೆ ನಿಂತಿರುತ್ತದೆ. ಒಂದು ಗಂಟೆಯ ಜೀಪಿಗೆ ಅವು ಸಿಗಬೇಕೆಂದರೆ ದೈವಬಲ ಬೇಕು.

ಎರಡನೆಯ ಸಲ ಆಗಸ್ಟ್. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಡು ಹಸಿರಾಗಿತ್ತು, ಝರಿಗಳು ಬೀಳುತ್ತಿದ್ದವು, ಕಣ್ಣಿಗೆ ಹಬ್ಬ. ಆದರೆ ಹಸಿರು ನೋಡಲು ಮುಂಬಯಿಯವನು 700–800 ಕಿಲೋಮೀಟರ್ ಹೋಗಬೇಕಾಗಿಲ್ಲ, ಮಾಳಶೇಜ್ ಘಾಟಿಗೆ ಹೋದರೆ ಸಾಕು. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ನಡಿಗೆಯೂ ಆಗಲಿಲ್ಲ.

ಮೂರನೆಯ ಸಲ ಹೋಳಿ ಹುಣ್ಣಿಮೆಯ ಮರುವಾರ. ಜೊತೆಗೆ ಪುಣೆಯ ಚಿಂಚವಾಡದಲ್ಲಿರುವ ನನ್ನ ಸೋದರಳಿಯ. ಕೋಟೆಯ ಕಡೆಯಿಂದ ಕಾಡಿನೊಳಗೆ ಇಳಿದು ರಾಣಕಪುರಕ್ಕೆ ಹೋಗುವ ಕಾಲುದಾರಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ, ಹದಿನೈದು ಕಿಲೋಮೀಟರ್ ಆಸುಪಾಸು, ಬಹುಪಾಲು ಇಳಿಜಾರು. ಇಲಾಖೆಯ ಟಿಕೆಟ್ ಪಡೆದು, ಮಾರ್ಗದರ್ಶಿಯನ್ನು ಕರೆದುಕೊಂಡು ಹೊರಟೆವು. ತಲೆಗೆ ಎರಡು ಲೀಟರ್ ನೀರು. ಹರಿಶ್ಚಂದ್ರಗಡದ ಲೆಕ್ಕವನ್ನೇ ಇಲ್ಲಿಗೂ ಹಾಕಿದ್ದು ನನ್ನ ತಪ್ಪು. ಸಹ್ಯಾದ್ರಿಯಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಎಷ್ಟು ನೀರು ಹೋಯಿತೆಂದು ಬಟ್ಟೆ ಹೇಳುತ್ತದೆ. ಇಲ್ಲಿಯ ಒಣಗಾಳಿಯಲ್ಲಿ ಬೆವರು ಕಾಣಿಸುವುದೇ ಇಲ್ಲ. ಅಂಗಿ ಒಣಗಿಯೇ ಇತ್ತು, ಬೆನ್ನಮೇಲೆ ಉಪ್ಪಿನ ಬಿಳಿಗೆರೆ ಮಾತ್ರ ಮೂಡಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅಳಿಯನ ಎರಡೂ ಮೀನಖಂಡ ಹಿಡಿದುಕೊಂಡವು. ಮಾರ್ಗದರ್ಶಿಯ ಬಳಿ ಇದ್ದ ನೀರನ್ನು ಕುಡಿದು, ಒಂದು ಧೋಕ್ ಮರದ ನೆರಳಿನಲ್ಲಿ ಎರಡು ಗಂಟೆ ಮಲಗಿ, ಸಂಜೆಗೆ ಕೆಳಗೆ ಮುಟ್ಟಿದೆವು. ಕಂಡದ್ದು ಒಂದು ಹೆಣ್ಣು ಕಡವೆ.

ಆದರೆ ಆ ಎರಡು ಗಂಟೆಯೇ ನನಗೆ ದಾರಿ ತೋರಿಸಿತು. ಮಲಗಿದ್ದ ಜಾಗದಿಂದ ಸ್ವಲ್ಪ ಕೆಳಗೆ ಬಂಡೆಯ ತಗ್ಗಿನಲ್ಲಿ ಒಂದು ಬೋಗುಣಿಯಷ್ಟು ನೀರು ನಿಂತಿತ್ತು. ಅದರ ಅಂಚಿನ ಕೆಸರಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೆಜ್ಜೆಗಳು: ಗೊರಸು, ಪಂಜ, ಮುಳ್ಳುಹಂದಿಯ ಸಣ್ಣ ಪಾದ, ಅದರ ಮೇಲೆ ಮತ್ತೊಂದು ಗೊರಸು. ಇನ್ನು ಒಂದೂವರೆ ತಿಂಗಳಾದರೆ ಇದೂ ಒಣಗುತ್ತದೆ, ಆಮೇಲೆ ಈ ಬೆಟ್ಟಕ್ಕೆಲ್ಲ ನಾಲ್ಕೈದು ಕಡೆ ಮಾತ್ರ ನೀರು ಎಂದು ಮಾರ್ಗದರ್ಶಿ ಹೇಳಿದರು. ನಾನು ಹುಟ್ಟಿ ಬೆಳೆದದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ. ಬೇಸಿಗೆಯಲ್ಲಿ ಊರಿನ ಒಂದೇ ಸಿಹಿನೀರಿನ ಬಾವಿಯ ಕಟ್ಟೆಯ ಮೇಲೆ ಕುಳಿತರೆ ಊರಿನ ಪ್ರತಿಯೊಬ್ಬರ ಮುಖವನ್ನೂ ಸಂಜೆಯೊಳಗೆ ನೋಡಬಹುದಾಗಿತ್ತು. ಕಾಡಿನಲ್ಲಿ ಪ್ರಾಣಿಯನ್ನು ಹುಡುಕಿಕೊಂಡು ತಿರುಗುವುದು ಬೇಡ, ಬಾವಿಕಟ್ಟೆಯ ಮೇಲೆ ಕುಳಿತರಾಯಿತು ಎಂದು ಅಲ್ಲಿಯೇ ನಿರ್ಧರಿಸಿದೆ.

ಕುಳಿತುಕೊಳ್ಳಲು ಒಂದು ಸರಿಯಾದ ದಾರಿಯೂ ಇದೆ. ವೈಶಾಖದ ಹುಣ್ಣಿಮೆ, ಅಂದರೆ ಬುದ್ಧ ಪೂರ್ಣಿಮೆಯ ಹೊತ್ತಿಗೆ ರಾಜಸ್ಥಾನದ ಅರಣ್ಯ ಇಲಾಖೆ ನೀರಿನ ಗುಂಡಿಗಳ ಪಕ್ಕ 24 ಗಂಟೆ ಕುಳಿತು ಪ್ರಾಣಿಗಳನ್ನು ಎಣಿಸುತ್ತದೆ. ಬೇಸಿಗೆ ತುದಿಗೇರಿರುತ್ತದೆ, ನೀರು ಕಡಿಮೆ, ರಾತ್ರಿಯಿಡೀ ಬೆಳದಿಂಗಳು. ಹೊರಗಿನ ಸ್ವಯಂಸೇವಕರನ್ನೂ ಸೇರಿಸಿಕೊಳ್ಳುತ್ತಾರೆ. ಮೊದಲ ವರ್ಷ ನನ್ನ ಅರ್ಜಿ ಮೇ ತಿಂಗಳ ಮೊದಲ ವಾರದಲ್ಲಿ ಹೋಯಿತು. ತಡವಾಗಿತ್ತು, ತಪ್ಪು ನನ್ನದೇ. ಮರುವರ್ಷ ಮಾರ್ಚ್ ಕೊನೆಗೇ ಕಳಿಸಿದೆ. ಅರ್ಜಿಯಲ್ಲಿ ಏನು ಬರೆದರೆ ಕೋಟೆಯ ಹತ್ತಿರದ ಸುಲಭದ ಗುಂಡಿಯನ್ನು ಬಿಟ್ಟು ಒಳಗಿನ ಗುಂಡಿ ಸಿಗುತ್ತದೆ ಎಂಬುದು ನನಗೆ ಗೊತ್ತಾಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಎರಡು ವರ್ಷ ನನಗೇ ಬೇಕು.

ಉಳಿದದ್ದು ಬಿಸಿಲಿನ ಪ್ರಶ್ನೆ. ಗುಂಪಿನವರ ಅನುಮಾನವೆಲ್ಲ ಇಲ್ಲಿಯೇ ಇತ್ತು, ಅದು ನ್ಯಾಯವಾದದ್ದೂ ಹೌದು. 24 ಗಂಟೆ ಅಟ್ಟಣೆಯಿಂದ ಕೆಳಗಿಳಿಯುವಂತಿಲ್ಲ, ಗುಂಡಿಯ ನೀರು ಮುಟ್ಟುವಂತಿಲ್ಲ, ಬಾಟಲಿಯ ನೀರು ಮಧ್ಯಾಹ್ನಕ್ಕೆ ಚಹಾದಂತೆ ಕಾಯುತ್ತದೆ. ಕಾದ ನೀರನ್ನು ಮನುಷ್ಯ ಬೇಕಾದಷ್ಟು ಕುಡಿಯುವುದಿಲ್ಲ. ಅಳಿಯನ ಮೀನಖಂಡ ಹಿಡಿದುಕೊಳ್ಳಲು ಅರ್ಧ ಕಾರಣ ಅದೇ ಎಂದು ನನ್ನ ನಂಬಿಕೆ.

ಮೂರನೆಯ ಪ್ರವಾಸದ ವಾಪಸಿನಲ್ಲಿ ಫಾಲ್ನಾದ ಪೇಟೆಯಲ್ಲಿ ಒಂದು ಛಾಗಲ್ ಕೊಂಡಿದ್ದೆ. ದಪ್ಪ ಕ್ಯಾನ್ವಾಸಿನ ನೀರಿನ ಚೀಲ, ಮರದ ಬಿರಡೆ, ನೂರೈವತ್ತು ರೂಪಾಯಿಯೋ ಏನೋ. ಹಿಂದೆ ಲಾರಿಗಳ ಮುಂದೆ ನೇತಾಡುತ್ತಿದ್ದುದನ್ನು ನೀವೂ ನೋಡಿರಬಹುದು. ಅದನ್ನು ಮೇ ತಿಂಗಳಲ್ಲಿ ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ತೂಗುಹಾಕಿ ಮೂರು ದಿನ ಪರೀಕ್ಷೆ ಮಾಡಿದೆ. ನಾನು ಟೂಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಅಳತೆಯ ಕೆಲಸ ಮಾಡಿದವನು, ಅಳೆಯದೆ ಯಾವುದನ್ನೂ ಒಪ್ಪುವುದಿಲ್ಲ. ಗಾಳಿ 33 ಡಿಗ್ರಿ, ಚೀಲದೊಳಗಿನ ನೀರು 30. ಮೂರೇ ಡಿಗ್ರಿ ವ್ಯತ್ಯಾಸ. ಗುಂಪಿನಲ್ಲಿ ಇದನ್ನು ಹೇಳಿದಾಗ, ಇದಕ್ಕೆ ಫ್ರಿಜ್ಜಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿದರೆ ಸಾಲದೇ ಎಂದರು. ಅವರು ಮರೆತದ್ದು ಒಂದೇ ಮಾತು. ಮುಂಬಯಿಯ ಗಾಳಿ ಆಗಲೇ ನೀರು ಕುಡಿದು ತೇಗಿರುತ್ತದೆ, ಚೀಲದ ತೇವವನ್ನು ಎಲ್ಲಿಂದ ಹೀರಬೇಕು? ನಮ್ಮ ಊರಿನ ಮಣ್ಣಿನ ಬಿಂದಿಗೆಯ ನೀರು ಬೇಸಿಗೆಯಲ್ಲೇ ತಣ್ಣಗಾಗುತ್ತಿತ್ತು, ಮಳೆಗಾಲದಲ್ಲಿ ಅಲ್ಲ. ಬಿಸಿಲು ಹೆಚ್ಚಿದಷ್ಟೂ ಗಾಳಿ ಒಣಗಿದಷ್ಟೂ ನೀರು ತಣ್ಣಗೆ. ಹಾಗಾಗಿ ಬಾಲ್ಕನಿಯ ಫಲಿತಾಂಶದಿಂದ ನಾನು ಎದೆಗುಂದಲಿಲ್ಲ, ಇನ್ನೂ ಎರಡು ಛಾಗಲ್ ತರಿಸಿದೆ.

ಹೊರಡುವಾಗ ಅಳಿಯ ಹೇಳಿದ: ‘ಮಾಮಾ, ನೀವು ಹೋಗುವುದಾದರೆ ನಾನೂ ಬರುತ್ತೇನೆ. ಆದರೆ ಈ ಸಲ ನೀರಿನ ಲೆಕ್ಕ ನನಗೆ ಮೊದಲು ತೋರಿಸಿ.’ ತೋರಿಸಿದೆ. ತಲೆಗೆ 9 ಲೀಟರ್, ಚೀಲದಿಂದ ಆರಿ ಹೋಗುವುದಕ್ಕೆ ಇನ್ನೊಂದು ಲೀಟರ್, ತಲೆಗೆ ಸುತ್ತುವ ರುಮಾಲು ಒದ್ದೆ ಮಾಡಲು ಎರಡು. ಇಬ್ಬರಿಗೆ 24 ಲೀಟರ್. ಅಟ್ಟಣೆಯ ಬುಡದವರೆಗೆ ಇಲಾಖೆಯ ವಾಹನ ಬಿಡುತ್ತದೆ, ಆದ್ದರಿಂದ ಹೊರುವ ಪ್ರಶ್ನೆ ಇರಲಿಲ್ಲ.

ಬಾಂದ್ರಾ ಟರ್ಮಿನಸ್‌ನಿಂದ ಜೋಧಪುರದ ಕಡೆ ಹೋಗುವ ಗಾಡಿಯಲ್ಲಿ ಸ್ಲೀಪರ್. ಎಸಿ ಡಬ್ಬಿ ಬೇಡವೆಂದೇ ನಿರ್ಧರಿಸಿದ್ದೆ. ಹದಿನಾಲ್ಕು ಗಂಟೆ ತಣ್ಣಗೆ ಮಲಗಿ ಬೆಳಿಗ್ಗೆ ಬಿಸಿಲಿಗೆ ಇಳಿದರೆ ಮೈ ಒಗ್ಗಿಕೊಳ್ಳಲು ಒಂದು ದಿನ ತಿನ್ನುತ್ತದೆ. ವಾಪಿ, ಸೂರತ್ ದಾಟುವಾಗ ಕಿಟಕಿಯ ಗಾಳಿ ಅಂಟಂಟು. ಅಹಮದಾಬಾದ್ ದಾಟಿದ ಮೇಲೆ ಅದೇ ಗಾಳಿ ತುಟಿ ಒಣಗಿಸಲು ಆರಂಭಿಸುತ್ತದೆ. ಆಬು ರೋಡಿನಲ್ಲಿ ಬಹಳ ಜನ ಇಳಿದರು, ನಾವು ಇನ್ನೂ ನೂರು ಕಿಲೋಮೀಟರ್ ಮುಂದೆ ಫಾಲ್ನಾದಲ್ಲಿ ಬೆಳಗಿನ ಜಾವ ಇಳಿದೆವು. ಅಲ್ಲಿಂದ ಬಸ್ಸಿನಲ್ಲಿ ಸಾದಡಿ, ಸಾದಡಿಯಿಂದ ಹಂಚಿಕೆಯ ಜೀಪಿನಲ್ಲಿ ರಾಣಕಪುರ. ಉದಯಪುರಕ್ಕೆ ಹೋಗಿ ಕಾರು ಹಿಡಿಯುವ ದಾರಿಗಿಂತ ಇದು ಸಮಯದಲ್ಲೂ ಹಣದಲ್ಲೂ ಅರ್ಧ. ಎಲ್ಲರೂ ಮೇವಾಡದ ಕಡೆಯಿಂದ ಬೆಟ್ಟಕ್ಕೆ ಬರುತ್ತಾರೆ, ಮುಂಬಯಿಯವರಿಗೆ ಮಾರವಾಡದ ಬಾಗಿಲೇ ಹತ್ತಿರ.

ರಾಣಕಪುರದ ಜೈನ ಬಸದಿಯ ಧರ್ಮಶಾಲೆಯಲ್ಲಿ ಎರಡು ದಿನ ಮೊದಲೇ ಉಳಿದೆವು, ಮೈ ಬಿಸಿಲಿಗೆ ಒಗ್ಗಲಿ ಎಂದು. ಬಿಸಿಲಿಗೆಂದು ಊರಿನ ರೂಢಿಯಂತೆ ಎರಡು ಕಿಲೋ ಉಳ್ಳಾಗಡ್ಡಿ ತಂದಿದ್ದೆ. ಬಸದಿಯ ಆವರಣದೊಳಗೆ ಅದನ್ನು ಒಯ್ಯುವುದು ಸರಿಯಲ್ಲವಾದ್ದರಿಂದ ಹೊರಗಿನ ಚಹಾದಂಗಡಿಯವರ ಬಳಿ ಇಟ್ಟೆ. ಅವರ ಮನೆಯವರು ದೂರದಿಂದಲೇ ನೋಡಿ ಎತ್ತಿಟ್ಟರು, ಹೊರಡುವ ದಿನ ಒಂದೂ ಕಡಿಮೆಯಾಗದೆ ವಾಪಸು ಕೊಟ್ಟರು. ಭೋಜನಶಾಲೆಯ ಊಟ ಸೂರ್ಯ ಮುಳುಗುವುದರೊಳಗೆ. ಬೇಳೆ, ರೊಟ್ಟಿ, ಗಟ್ಟೆಯ ಪಲ್ಯ, ಮಜ್ಜಿಗೆ. 1444 ಕಂಬಗಳ ಆ ಬಸದಿಯನ್ನು ಮಧ್ಯಾಹ್ನದಲ್ಲಿ ನೋಡಬೇಕು. ಹೊರಗೆ ಕಲ್ಲು ಕಾಲು ಸುಡುತ್ತಿರುತ್ತದೆ, ಒಳಗೆ ಅಮೃತಶಿಲೆಯ ನೆಲ ಅಂಗಾಲಿಗೆ ತಣ್ಣಗೆ. ಬಿಸಿಲುನಾಡಿನಲ್ಲಿ ಕಟ್ಟುವುದು ಹೇಗೆಂದು ಆ ಶಿಲ್ಪಿಗಳಿಗೆ ಗೊತ್ತಿತ್ತು.

ಎಣಿಕೆಯ ದಿನ ಬೆಳಿಗ್ಗೆ ಏಳೂವರೆಗೆ ಅಟ್ಟಣೆ ಏರಿದೆವು. ನಾವಿಬ್ಬರು, ಜೊತೆಗೆ ಇಲಾಖೆಯ ಒಬ್ಬರು ಅರಣ್ಯ ರಕ್ಷಕರು, ಐವತ್ತೈದರ ಆಸುಪಾಸಿನವರು. ನಮ್ಮನ್ನು ‘ಹುಕುಮ್’ ಎಂದೇ ಕರೆಯುತ್ತಿದ್ದರು, ನಾನು ಅವರನ್ನು ‘ಕಾಕಾಸಾ’ ಎಂದೆ. ಗುಂಡಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ಕ್ಯಾಮೆರಾದವರ ಸಂತೆ ನೆರೆಯುತ್ತದೆ, ಆಮೇಲೆ ಅಲ್ಲಿಗೆ ತೋಳ ಬರುವುದಿಲ್ಲ. ಇಷ್ಟು ಹೇಳಬಹುದು: ಎರಡು ಬೆಟ್ಟಗಳ ನಡುವಿನ ಹಳ್ಳ, ಕಲ್ಲುಬಂಡೆಯ ತಗ್ಗು, ಒಂದು ಬದಿಗೆ ಏಳೆಂಟು ಈಚಲು ಮರ, ಇಳಿಜಾರಿನ ತುಂಬ ಎಲೆ ಉದುರಿಸಿ ತಾಮ್ರದ ಕಡ್ಡಿಗಳಂತೆ ನಿಂತ ಧೋಕ್. ಸ್ವಲ್ಪ ಮೇಲೆ ಹಿಂದಿನ ಕಾಲದ ಅರಸರು ಬೇಟೆಗೆ ಕುಳಿತುಕೊಳ್ಳುತ್ತಿದ್ದ ಕಲ್ಲಿನ ಓಧಿಯ ಪಾಳು ಗೋಡೆ. ಅವರಿಗೂ ಇದೇ ಉಪಾಯ ಗೊತ್ತಿತ್ತು, ಕೈಯಲ್ಲಿ ಬಂದೂಕಿತ್ತು ಅಷ್ಟೇ.

ಮೂರು ಛಾಗಲ್‌ಗಳನ್ನು ಅಟ್ಟಣೆಯ ಗಾಳಿ ಬರುವ ಬದಿಗೆ ಕಟ್ಟಿದೆ. ಒಂದು ಪ್ಲಾಸ್ಟಿಕ್ ಬಾಟಲಿ, ಒಂದು ಸ್ಟೀಲ್ ಬಾಟಲಿ, ಒದ್ದೆ ಕಾಲುಚೀಲ ಹಾಕಿದ ಇನ್ನೊಂದು ಪ್ಲಾಸ್ಟಿಕ್ ಬಾಟಲಿಯನ್ನೂ ಹೋಲಿಕೆಗಾಗಿ ನೆರಳಿನಲ್ಲಿಯೇ ಇಟ್ಟೆ. ಮಧ್ಯಾಹ್ನ ಎರಡೂವರೆಗೆ ನೆರಳಿನ ಗಾಳಿ 42 ಡಿಗ್ರಿ. ಬರಿಯ ಪ್ಲಾಸ್ಟಿಕ್ 40, ಸ್ಟೀಲ್ 40ಕ್ಕೆ ಸ್ವಲ್ಪ ಹೆಚ್ಚು, ಕಾಲುಚೀಲದ್ದು 30, ಛಾಗಲ್ 26. ಮೂರು ಸಲ ಅಳೆದೆ, ಅರ್ಧ ಡಿಗ್ರಿ ಆಚೀಚೆ ಅಷ್ಟೇ. ಬಾಲ್ಕನಿಯಲ್ಲಿ ಮೂರು ಡಿಗ್ರಿ ಕೊಟ್ಟ ಚೀಲ ಇಲ್ಲಿ ಹದಿನಾರು ಕೊಟ್ಟಿತು. ಅಳಿಯ ಥರ್ಮಾಮೀಟರಿನ ಚಿತ್ರ ತೆಗೆದುಕೊಂಡ. ಅದೇ ಚಿತ್ರವನ್ನು ಆ ಹನ್ನೊಂದು ಜನರಿಗೆ ಕಳಿಸಿದ್ದೇವೆ.

ಅಪ್ಪನ ಹಳೆಯ ಹತ್ತಿಯ ರುಮಾಲನ್ನು ಒದ್ದೆ ಮಾಡಿ ತಲೆಗೂ ಕುತ್ತಿಗೆಗೂ ಸುತ್ತಿಕೊಂಡಿದ್ದೆ. ಹದಿನೈದು ನಿಮಿಷಕ್ಕೆ ಒಣಗುತ್ತಿತ್ತು, ಮತ್ತೆ ಎರಡು ಬೊಗಸೆ ನೀರು. ಮಧ್ಯಾಹ್ನದ ಊಟಕ್ಕೆ ಹಿಂದಿನ ದಿನ ಕಾಯಿಸಿ ತಂದ ಜೋಳದ ಅಂಬಲಿ, ಮಜ್ಜಿಗೆ, ಹೆಚ್ಚಿದ ಉಳ್ಳಾಗಡ್ಡಿ. ಕಾಕಾಸಾ ತಮ್ಮ ಡಬ್ಬಿ ತೆರೆದರು. ಅದರಲ್ಲಿ ರಾಬಡಿ ಇತ್ತು, ಸಜ್ಜೆಯ ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಬೇಯಿಸಿದ್ದು. ಒಬ್ಬರದನ್ನೊಬ್ಬರು ಕುಡಿದೆವು. ಅವರು ಅರ್ಧ ಲೋಟ ಕುಡಿದು, ಇದು ನಮ್ಮದೇ, ಧಾನ್ಯ ಮಾತ್ರ ಬೇರೆ ಎಂದರು. ನನ್ನ ಅಂಬಲಿ ಮರುದಿನದವರೆಗೆ ಹುಳಿಯಾಗದೆ ಹೇಗೆ ಉಳಿಯಿತೆಂದು ಅವರೂ ಕೇಳಿದರು. ಅವರಿಗೆ ಹೇಳಿದ್ದೇನೆ, ಇಲ್ಲಿ ಹೇಳುವುದಿಲ್ಲ. ಅವ್ವ ಕಲಿಸಿದ್ದು, ನಮ್ಮ ಮನೆಯಲ್ಲೇ ಇರಲಿ.

ಎಣಿಕೆಯ ಹಾಳೆಯಲ್ಲಿ ಪ್ರಾಣಿ, ಸಂಖ್ಯೆ, ಗಂಡು ಹೆಣ್ಣು ಮರಿ, ಹೊತ್ತು ಇಷ್ಟನ್ನು ಬರೆಯಬೇಕು. ನಾನು ಅದರ ಪಕ್ಕದಲ್ಲಿ ಬಂದ ದಿಕ್ಕು, ಹೋದ ದಿಕ್ಕು ಎಂದು ಎರಡು ಕಲಮು ಗೆರೆ ಎಳೆದುಕೊಂಡೆ. ಇಲ್ಲದಿದ್ದರೆ ಒಂದೇ ನೀಲಗಾಯ್ ಹಿಂಡು ಎರಡು ಸಲ ಎಣಿಕೆಗೆ ಬೀಳುತ್ತದೆ. ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ಏನೂ ಬರಲಿಲ್ಲ, ನೊಣ ಮಾತ್ರ. ನೊಣಕ್ಕೂ ನನ್ನ ಬಳಿ ಒಂದು ಉಪಾಯವಿತ್ತು, ಅರ್ಧ ಫಲಿಸಿತು. ಮುಂದಿನ ವರ್ಷ ಪೂರ್ತಿ ಸರಿಹೋದ ಮೇಲೆ ಬರೆಯುತ್ತೇನೆ.

ನಾಲ್ಕೂಕಾಲಕ್ಕೆ ಕೊಂಡುಕುರಿ. ಒಂದು ಗಂಡು, ಎರಡು ಹೆಣ್ಣು. ಗಂಡಿನ ಮುಂದಿನ ಎರಡು ಕೊಂಬುಗಳು ಹುಣಸೆಬೀಜದಷ್ಟು ಚಿಕ್ಕವು, ದುರ್ಬೀನಿನಲ್ಲಿ ಮಾತ್ರ ಕಂಡವು. ಹೆಜ್ಜೆ ಎತ್ತಿಡುವ ರೀತಿ ನೋಡಬೇಕು, ಕಾಲನ್ನು ಎತ್ತಿ ಒಂದು ಕ್ಷಣ ಗಾಳಿಯಲ್ಲಿ ನಿಲ್ಲಿಸಿ ಆಮೇಲೆ ಎಲೆಯ ಮೇಲೆ ಇಡುತ್ತದೆ. ಒಣಗಿದ ಎಲೆ ಸದ್ದು ಮಾಡುತ್ತದೆ ಎಂಬುದು ಅದಕ್ಕೆ ಗೊತ್ತು. ಐದರ ನಂತರ ನೀಲಗಾಯ್, ಕಡವೆ, ನವಿಲುಗಳ ಸರದಿ. ಮುಸುವಗಳ ಒಂದು ದೊಡ್ಡ ಹಿಂಡು ಕುಡಿದು ಹೋಗಿ ಇಳಿಜಾರಿನ ಸಾಲರ್ ಮರಗಳನ್ನು ಏರಿತು.

ಬೆಳದಿಂಗಳು ಬಿದ್ದ ಮೇಲೆ ಟಾರ್ಚು ಬೇಕಾಗಲೇ ಇಲ್ಲ. ನತ್ತಿಂಗ ಹಕ್ಕಿ ಕೂಗಲು ಆರಂಭಿಸಿತು, ಗೋಲಿಯೊಂದು ಕಲ್ಲಿನ ಮೇಲೆ ಬಿದ್ದು ಪುಟಿದು ಪುಟಿದು ನಿಲ್ಲುವಂತಹ ಸದ್ದು. ಒಂಬತ್ತೂಮುಕ್ಕಾಲಕ್ಕೆ ಕತ್ತೆಕಿರುಬ. ಮುಂದಿನ ಭಾಗ ಎತ್ತರ, ಹಿಂದೆ ಇಳಿಜಾರು, ಬೆನ್ನಮೇಲಿನ ಕೂದಲು ಬೆಳಕಿಗೆ ಬೆಳ್ಳಗೆ ಕಾಣುತ್ತಿತ್ತು. ನೀರು ಕುಡಿಯಿತು, ಆಮೇಲೆ ನಿಧಾನವಾಗಿ ಗುಂಡಿಯೊಳಗೇ ಇಳಿದು ಹೊಟ್ಟೆ ಮುಳುಗುವಂತೆ ಮಲಗಿತು. ಆರೇಳು ನಿಮಿಷ ಹಾಗೆಯೇ ಇತ್ತು. ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ. ಈ ಪ್ರಾಣಿಯನ್ನು ನಮ್ಮ ಕಡೆ ಹೆಣ ತಿನ್ನುವ ಅಪಶಕುನ ಎನ್ನುತ್ತಾರೆ. ಬಿಸಿಲಿನಲ್ಲಿ ದಣಿದು ಬಂದು ತಣ್ಣೀರಿನಲ್ಲಿ ಕಣ್ಣು ಮುಚ್ಚಿದ ಆ ಜೀವವನ್ನು ನೋಡಿದ ಮೇಲೆ ನನ್ನ ಮುಂದೆ ಯಾರೂ ಹಾಗೆ ಹೇಳಲು ನಾನು ಬಿಡುವುದಿಲ್ಲ.

ಒಂದೂಕಾಲಕ್ಕೆ ಒಂದು ಕರಡಿ ಬಂತು, ಸದ್ದು ಮಾಡುತ್ತ ಕುಡಿದು ಹೋಯಿತು. ಎರಡು ಗಂಟೆಗೆ ಮೇಲಿನ ಸಾಲರ್ ಮರಗಳಲ್ಲಿ ಮುಸುವಗಳು ಗಾಬರಿಯಿಂದ ಕೂಗಿದವು. ಚಿರತೆ ಎಂದು ಕಾಕಾಸಾ ಬೆರಳು ತೋರಿಸಿದರು, ಇಪ್ಪತ್ತು ನಿಮಿಷ ಕಾದೆವು. ಅದು ಕೆಳಗೆ ಬರಲಿಲ್ಲ. ಬಾರದ್ದನ್ನು ಹಾಳೆಯಲ್ಲಿ ಬರೆಯಲಿಲ್ಲ.

ತೋಳದ ವಿಷಯ. ಅವು ಬಂದದ್ದು ಹಳ್ಳದ ಕೆಳಗಿನಿಂದ, ಮಾರವಾಡದ ಬಯಲಿನ ಕಡೆಯಿಂದ. ಮೊದಲು ಒಂದು, ನಾಯಿ ಎಂದುಕೊಂಡೆ. ಉದ್ದನೆಯ ಕಾಲು, ಒಣಗಿದ ಹುಲ್ಲಿನ ಬಣ್ಣ, ಬಾಲ ಕೆಳಗೆ. ಅದು ನಿಂತು ಗಾಳಿ ಮೂಸಿ ಹಿಂದೆ ನೋಡಿದಾಗ ಉಳಿದೆರಡು ಬಂದವು, ಒಂದು ಇನ್ನೂ ಎಳೆಯದು, ಕಿವಿಗಳು ತಲೆಗಿಂತ ದೊಡ್ಡವು. ಎರಡು ಕುಡಿಯುವಾಗ ಒಂದು ನೋಡುತ್ತಿತ್ತು, ಆಮೇಲೆ ಸರದಿ ಬದಲಾಯಿತು. ಎಳೆಯದು ಮಾತ್ರ ಪೂರ್ತಿ ಹೊತ್ತು ಕುಡಿಯುತ್ತಲೇ ಇತ್ತು. ಅಷ್ಟು ಮೌನದಲ್ಲಿ ನಾಲಗೆ ನೀರಿಗೆ ತಾಗುವ ಸದ್ದು ಅಟ್ಟಣೆಯವರೆಗೆ ಕೇಳಿಸಿತು. ನಾಲ್ಕು ನಿಮಿಷ. ಅಳಿಯನ ಕೈಯಲ್ಲಿ ಕ್ಯಾಮೆರಾ ಇತ್ತು, ಒಂದೂ ಚಿತ್ರ ತೆಗೆಯಲಿಲ್ಲ. ಕ್ಲಿಕ್ ಎಂದರೆ ಹೋಗುತ್ತವೆ ಮಾಮಾ ಎಂದು ಆಮೇಲೆ ಹೇಳಿದ. ಒಳ್ಳೆಯ ಹುಡುಗ.

ಖರ್ಚು. ಇಬ್ಬರ ರೈಲು ಹೋಗಿ ಬರಲು ಸುಮಾರು 2 ಸಾವಿರ. ಬಸ್, ಜೀಪು 700. ಧರ್ಮಶಾಲೆ, ಊಟ ಸೇರಿ ನಾಲ್ಕು ದಿನಕ್ಕೆ 2,400 ಇರಬೇಕು. ಛಾಗಲ್, ದಾರದ ಹುರಿ, ಥರ್ಮಾಮೀಟರ್ ಒಟ್ಟು 900. ಎಲ್ಲ ಸೇರಿ ಸುಮಾರು ಆರು ಸಾವಿರ. ಮೊದಲ ಸಲ 22 ಸಾವಿರಕ್ಕೆ ಎರಡು ನೀಲಗಾಯ್. ನನ್ನ ಬಳಿ ಆ ಎರಡೂ ಲೆಕ್ಕದ ಚೀಟಿಗಳಿವೆ, ಬೇಕಾದವರು ಬಂದು ನೋಡಬಹುದು.

ಎಣಿಕೆ ಮುಗಿದ ಮರುದಿನ ಎರಡು ಬೇರೆ ಕೆಲಸ ಮಾಡಿದೆ. ಒಂದು, ಸಾದಡಿಯ ಹತ್ತಿರ ರಾಯ್ಕಾ ಜನರ ಒಂಟೆಯ ಹಾಲಿನ ಚಹಾ ಕುಡಿದದ್ದು. ಕೆಂಪು ರುಮಾಲಿನ ಈ ಜನ ತಲೆತಲಾಂತರದಿಂದ ಒಂಟೆ ಸಾಕುತ್ತ ಬಂದವರು. ಹಾಲು ತೆಳು, ಸ್ವಲ್ಪ ಉಪ್ಪು. ಬೆಲ್ಲ ಹಾಕಿದರೆ ಚೆನ್ನ, ಸಕ್ಕರೆಗೆ ಹೊಂದುವುದಿಲ್ಲ. ಅವರ ರುಮಾಲಿನ ಸುತ್ತು ನಮ್ಮ ಸುತ್ತಿಗಿಂತ ಸಡಿಲ, ನಡುವೆ ಗಾಳಿ ಆಡುತ್ತದೆ. ಕಲಿತು ಬಂದಿದ್ದೇನೆ.

ಎರಡನೆಯದು, ಬೆಟ್ಟದ ನೆತ್ತಿಗೆ ಹೋದದ್ದು. ಇಲ್ಲಿ ಪೂರ್ವಕ್ಕೆ ಬಿದ್ದ ಮಳೆ ಬನಾಸ್ ನದಿಗೆ ಸೇರಿ, ಚಂಬಲ್, ಯಮುನೆ, ಗಂಗೆ ಎಂದು ಬಂಗಾಳಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಲೂಣಿಗೆ ಸೇರಿ ಕಚ್ಛಿನ ರಣದಲ್ಲಿ ಇಂಗಿಹೋಗುತ್ತದೆ, ಸಮುದ್ರ ಕಾಣುವುದಿಲ್ಲ. ನಮ್ಮ ಇಂಡಿಯ ಪಕ್ಕದಲ್ಲಿ ಹರಿಯುವ ಭೀಮೆ ಭೀಮಾಶಂಕರದಲ್ಲಿ ಹುಟ್ಟುತ್ತಾಳೆ. ಅಲ್ಲಿಯೂ ಹೀಗೆಯೇ ಒಂದು ನೆತ್ತಿ ನೀರನ್ನು ಎರಡಾಗಿ ಹಂಚುತ್ತದೆ. ಛಾಗಲ್‌ನಲ್ಲಿ ಉಳಿದಿದ್ದ ನೀರನ್ನು ಅರ್ಧ ಆಚೆ, ಅರ್ಧ ಈಚೆ ಸುರಿದೆ. ಎರಡೂ ಬದಿಯ ಮಣ್ಣು ಅದನ್ನು ಗಳಿಗೆಯಲ್ಲಿ ಹೀರಿತು. ಇಳಿಯುವ ದಾರಿಯಲ್ಲಿ, ಪಶ್ಚಿಮದ ಬುಡದಲ್ಲಿ, ನಮ್ಮ ಕಡೆಯ ಬಳ್ಳಾರಿ ಜಾಲಿ ಕಾಡಿನ ಅಂಚಿನವರೆಗೂ ಏರಿ ಬಂದಿರುವುದನ್ನು ನೋಡಿ ಮನಸ್ಸಿಗೆ ಬೇಸರವಾಯಿತು. ಧೋಕ್ ಇದ್ದ ಜಾಗಕ್ಕೆ ಅದು ನುಗ್ಗಿದರೆ ಮತ್ತೆ ಕೀಳುವುದು ಕಷ್ಟ, ನಮ್ಮ ಹೊಲಗಳಲ್ಲಿ ಕಿತ್ತವನು ನಾನು.

ಗುಂಪಿನ ಹನ್ನೊಂದು ಜನರಲ್ಲಿ ನಾಲ್ವರು ಮುಂದಿನ ಬುದ್ಧ ಪೂರ್ಣಿಮೆಗೆ ಹೆಸರು ಕೊಟ್ಟಿದ್ದಾರೆ, ಫಲೋಡಿಯ ಸುದ್ದಿ ಓದಿದವರೂ ಅದರಲ್ಲಿದ್ದಾರೆ. ಅವರಿಗೆ ಫಾಲ್ನಾದಿಂದ ನಾಲ್ಕು ಛಾಗಲ್ ತರಿಸಿಕೊಟ್ಟೆ. ಎರಡು ಸೋರುತ್ತಿವೆ ಎಂದು ನಿನ್ನೆ ಫೋನ್ ಬಂತು. ಹೊಸ ಕ್ಯಾನ್ವಾಸ್ ಮೊದಲು ಸೋರುತ್ತದೆ. ವಾರವಿಡೀ ನೀರು ತುಂಬಿ ತೂಗುಹಾಕಿ, ಎಳೆ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಹೇಳಿದ್ದೇನೆ.